ಹಸಿ ಆಹಾರ ಶುರು ಮಾಡಿ ಆರು ವಾರ ಆಯ್ತು, ಮಳೆಗಾಲದಲ್ಲಿ ಮುಂದುವರಿಸುವುದು ಹೇಗೆ?

ತಿಮರೆಎಲೆ (ಉಡುಪಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ಹೇಳಿ.

ನನಗೆ 41 ವರ್ಷ. ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಪರೀಕ್ಷೆ) 6.1 ಬಂತು. ಡಾಕ್ಟರು "ಇನ್ನೂ ಶುಗರ್ ಅಲ್ಲ, ಗಡಿಯಲ್ಲಿದ್ದೀರಿ, ತೂಕ ಇಳಿಸಿ" ಅಂದರು. ನನ್ನ ಅಮ್ಮನಿಗೆ ಶುಗರ್‌ನಿಂದಾಗಿ ಕಾಲಿನ ಎರಡು ಬೆರಳು ತೆಗೆಯಬೇಕಾಗಿ ಬಂದಿತ್ತು. ಅದೇ ಕಣ್ಣ ಮುಂದೆ ಬಂತು. ಆ ರಾತ್ರಿಯೇ ಒಂದಷ್ಟು ವಿಡಿಯೋ ನೋಡಿ, ಇನ್ನು ಪೂರ್ತಿ ಹಸಿ ಆಹಾರ ಅಂತ ಗಟ್ಟಿ ಮಾಡಿಕೊಂಡೆ.

ಮೇ ಮೊದಲ ವಾರದಿಂದ ಒಲೆ ಕಂಡದ್ದು ಯಾವುದನ್ನೂ ತಿಂದಿಲ್ಲ. ಬೆಳಿಗ್ಗೆ ಹಣ್ಣು. ಮಧ್ಯಾಹ್ನ ಆಫೀಸಿಗೆ ಮೊಳಕೆ ಹೆಸರು, ಮುಳ್ಳುಸೌತೆ, ಕ್ಯಾರೆಟ್, ಕಾಯಿತುರಿ. ರಾತ್ರಿ ಮತ್ತೆ ಹಣ್ಣು, ಇಲ್ಲದಿದ್ದರೆ ಸೊಪ್ಪಿನ ಜ್ಯೂಸ್. 4 ಕೆಜಿ ಇಳಿದಿದ್ದೇನೆ. ಮೇ ತಿಂಗಳಲ್ಲಿ ನಿಜವಾಗಿ ಹಾಯಾಗಿತ್ತು. ಮಾವು, ಹಲಸು, ಬೊಂಡ, ತಾಟಿನುಂಗು, ಏನು ಬೇಕೋ ಅದು. ಮಳೆ ಹಿಡಿದ ಮೇಲೆ ಕಷ್ಟ ಆಗ್ತಾ ಇದೆ. ಹೊಟ್ಟೆ ಉಬ್ಬರ, ಕೈಕಾಲು ತಣ್ಣಗೆ, ಸಂಜೆ ಆರು ಗಂಟೆಗೆ ಬಿಸಿ ಏನಾದರೂ ಕುಡಿಯಬೇಕು ಅನ್ನುವ ಆಸೆ ತಡೆಯಲಿಕ್ಕೆ ಆಗುವುದಿಲ್ಲ.

ಇನ್ನೊಂದು, ಅತ್ತೆಯ ವಿಷಯ. ಅವರಿಗೆ 72. ದಿನಾ ರಾತ್ರಿ ಗಂಜಿ ಬಡಿಸುವಾಗ ನನ್ನ ಬಟ್ಟಲೂ ಸಾಲಿನಲ್ಲಿ ಇಡುತ್ತಾರೆ. ನಾನು ಬೇಡ ಅಂದರೆ ಏನೂ ಹೇಳುವುದಿಲ್ಲ, ಬಟ್ಟಲು ಎತ್ತಿ ಒಳಗೆ ಇಡುತ್ತಾರೆ. ಮಾರನೇ ದಿನ ಮತ್ತೆ ಅದೇ ಬಟ್ಟಲು. ಆರು ವಾರದಿಂದ ಹೀಗೇ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಬಿಡುವ ಮನಸ್ಸಿಲ್ಲ. ಈ ಊರಿನಲ್ಲಿ, ಈ ಮಳೆಯಲ್ಲಿ, ಕೆಲಸಕ್ಕೆ ಹೋಗುವವರು ಹೇಗೆ ಮಾಡುತ್ತೀರಿ?

ಬೆಳಗಿನಬಿಸಿಲು

ಅಕ್ಕ, ಬಿಡಬೇಡಿ. ನಾನು ಮೂರು ವರ್ಷದಿಂದ ಹೆಚ್ಚುಕಮ್ಮಿ ಹಸಿ ಆಹಾರದಲ್ಲೇ ಇದ್ದೇನೆ, ಮಂಗಳೂರಿನಲ್ಲೇ. ಮೊದಲ ಮಳೆಗಾಲ ಎಲ್ಲರಿಗೂ ಕಷ್ಟ. ಹಣ್ಣು ಕಮ್ಮಿ ಮಾಡಿ, ಶೇಂಗಾ, ಬಾದಾಮಿ, ಎಳ್ಳು ನೆನೆಸಿ ಜಾಸ್ತಿ ಮಾಡಿ. ತಣ್ಣಗಾಗುವುದು ಕೊಬ್ಬು, ಕ್ಯಾಲರಿ ಸಾಲದೆ. ಶುಂಠಿ ಹಾಕಿ. ಬೆಚ್ಚಗಿನ ನೀರು ಕುಡಿಯಬಹುದು, ಯಾವ ನಿಯಮವೂ ಮುರಿಯುವುದಿಲ್ಲ. 42ರಿಂದ 48 ಡಿಗ್ರಿ ದಾಟಬಾರದು ಅಂತ ಮಾತ್ರ ಹಸಿ ಆಹಾರದವರು ಹೇಳುವುದು, ಅದು ಆಹಾರಕ್ಕೆ.

ಕುಡ್ಲದಮಳೆ

ಮಳೆಗಾಲದಲ್ಲಿ ಮೊಳಕೆ ಕಾಳು ಹಸಿ ತಿನ್ನಬೇಡಿ ಮಾರಾಯ್ರೆ. ದಯವಿಟ್ಟು.

ಬೆಳಗಿನಬಿಸಿಲು

ಯಾಕೆ? ಮೊಳಕೆಯೇ ಹಸಿ ಆಹಾರದ ಜೀವ.

ಕುಡ್ಲದಮಳೆ

ಹೇಳುತ್ತೇನೆ. ಹೋದ ವರ್ಷ ಜುಲೈ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೆ. ಎರಡನೇ ದಿನ ಬಿಚ್ಚಿದಾಗ ಮೊಳಕೆ ಚೆನ್ನಾಗಿ ಬಂದಿತ್ತು, ಮುಟ್ಟಿದರೆ ಮಾತ್ರ ಸ್ವಲ್ಪ ಅಂಟು. ಮೂಸಿದೆ, ಹುಳಿ ವಾಸನೆ ಅಂತ ಹೇಳುವಷ್ಟಿರಲಿಲ್ಲ. ತೊಳೆದು ನಿಂಬೆ ಹಿಂಡಿ ನಾನೂ ಮಗಳೂ ತಿಂದೆವು. ರಾತ್ರಿ ಎರಡು ಗಂಟೆಗೆ ವಾಂತಿ ಶುರು. ಮಗಳಿಗೆ ಒಂಬತ್ತು ವರ್ಷ. ಎರಡು ದಿನ ಡ್ರಿಪ್ ಹಾಕಿಸಿದೆವು. ಅವಳು ಈಗಲೂ ಹೆಸರುಕಾಳು ಕಂಡರೆ ತಟ್ಟೆ ದೂಡುತ್ತಾಳೆ.

ಮೊಳಕೆ ಬರಲಿಕ್ಕೆ ಬೇಕಾದ ಬೆಚ್ಚಗೆ, ತೇವ ಎರಡೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಳು ಕಟ್ಟಿದ ಬಟ್ಟೆ ಹೇಗಿರುತ್ತದೆ? 2011ರಲ್ಲಿ ಜರ್ಮನಿಯಲ್ಲಿ ಮೆಂತೆ ಮೊಳಕೆಯಿಂದ ಇ ಕೋಲಿ ಅನ್ನುವ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಶುಚಿ ಇರುವ ದೇಶದಲ್ಲಿ. ಮೊಳಕೆ ಬೇಕಿದ್ದರೆ ಚೆನ್ನಾಗಿ ಹಬೆಯಲ್ಲಿ ಬೇಯಿಸಿ ತಿನ್ನಿ, ನಷ್ಟ ಏನಿಲ್ಲ.

ಬಾಳೆಎಲೆ

ಇದಕ್ಕೇ ನಮ್ಮಲ್ಲಿ ಕೋಸಂಬರಿ ಮಾಡುವುದು. ಹೆಸರುಬೇಳೆ ಎರಡು ಗಂಟೆ ನೆನೆಸಿದರೆ ಸಾಕು, ಮೊಳಕೆ ಬರುವವರೆಗೆ ಕಾಯುವುದೇ ಬೇಡ. ಒಂದೂವರೆ ದಿನ ಬಟ್ಟೆಯಲ್ಲಿ ಇರುವುದಕ್ಕೂ ಎರಡು ಗಂಟೆ ನೀರಿನಲ್ಲಿ ಇರುವುದಕ್ಕೂ ವ್ಯತ್ಯಾಸ ಉಂಟು.

ಆಫೀಸಿಗೆ ಒಯ್ಯುವವರಿಗೆ ಒಂದು ಮಾತು. ಉಪ್ಪು, ನಿಂಬೆ ಮನೆಯಲ್ಲೇ ಹಾಕಬೇಡಿ. ಹಾಕಿದರೆ ಮುಳ್ಳುಸೌತೆ ನೀರು ಬಿಟ್ಟು ಮಧ್ಯಾಹ್ನಕ್ಕೆ ಡಬ್ಬಿ ತುಂಬ ಸಾರು. ಚಿಕ್ಕ ಡಬ್ಬಿಯಲ್ಲಿ ಉಪ್ಪು, ಅರ್ಧ ನಿಂಬೆ ಬೇರೆ ಒಯ್ಯಿರಿ. ಕಾಯಿತುರಿ ಸೆಖೆಗೆ ಹನ್ನೆರಡು ಗಂಟೆಗೇ ಹಳಸುತ್ತದೆ, ಅದಕ್ಕೆ ತುರಿಯ ಬದಲು ಕಾಯಿ ಚೂರು ಇಟ್ಟುಕೊಳ್ಳಿ, ಅಗಿದು ತಿನ್ನಿ.

ಪಡುಬಿದ್ರಿಪ್ರಸಾದ

ಅವಲಕ್ಕಿ ಹಸಿ ಆಹಾರವಾ? ನೆನೆಸಿ, ಬೆಲ್ಲ ಕಾಯಿ ಹಾಕಿ ತಿನ್ನುವುದು, ಒಲೆ ಬೇಡವಲ್ಲ.

ಮುಳ್ಳುಸೌತೆ

ಅಲ್ಲ. ಭತ್ತ ನೆನೆಸಿ, ಹುರಿದು, ಆಮೇಲೆ ಕುಟ್ಟುವುದು. ಹುರಿಯದೆ ಅವಲಕ್ಕಿ ಇಲ್ಲ. ಅಂಗಡಿಯಲ್ಲಿ "ಹಸಿ" ಅಂತ ಮಾರುವ ಗೋಡಂಬಿಯೂ ಹಸಿ ಅಲ್ಲ. ನಮ್ಮ ಮನೆ ಹಿಂದೆಯೇ ಗೇರುಬೀಜದ ಕಾರ್ಖಾನೆ ಇತ್ತು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಅದಕ್ಕೇ ಮೊದಲು ಹಬೆಯಲ್ಲಿ ಬೇಯಿಸಿಯೋ ಹುರಿದೋ ಆಮೇಲೆ ಒಡೆಯುವುದು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರ ಬೆರಳು ಕಪ್ಪಾಗಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ನಾನು ಇದನ್ನು ಹೇಳಿದ್ದು ತಪ್ಪು ಹುಡುಕಲಿಕ್ಕೆ ಅಲ್ಲ. ಪೂರ್ತಿ ಹಸಿ ಅಂತ ಲೆಕ್ಕ ಹಿಡಿದು ಕೂತರೆ ತಿನ್ನಲಿಕ್ಕೆ ಏನೂ ಉಳಿಯುವುದಿಲ್ಲ.

ಬೆಳಗಿನಬಿಸಿಲು

ಯಾರೂ ಅಷ್ಟು ಲೆಕ್ಕ ಹಿಡಿಯುವುದಿಲ್ಲ. ಮುಕ್ಕಾಲು ಪಾಲು ಹಸಿ ಆದರೂ ಒಳ್ಳೆಯದೇ. ಬಿರ್ಷರ್ ಬೆನ್ನರ್ ಅಂತ ಸ್ವಿಟ್ಜರ್ಲೆಂಡಿನ ಡಾಕ್ಟರು 1900ರ ಸುಮಾರಿಗೇ ರೋಗಿಗಳಿಗೆ ತುರಿದ ಸೇಬು, ನೆನೆಸಿದ ಓಟ್ಸ್ ಕೊಟ್ಟರು. ಈಗ ಎಲ್ಲರೂ ತಿನ್ನುವ ಮ್ಯೂಸ್ಲಿ ಬಂದದ್ದು ಅಲ್ಲಿಂದ. ಗಾಂಧೀಜಿಯೂ ಹಸಿ ಆಹಾರ ಮಾಡಿದ್ದಾರೆ.

ಹಳೇಪೇಪರ್

ಗಾಂಧೀಜಿಯ ಕಥೆ ಪೂರ್ತಿ ಹೇಳಬೇಕಲ್ವಾ? 1929ರಲ್ಲಿ ಬೇಯಿಸದ ಊಟದ ಪ್ರಯೋಗ ಮಾಡಿ ತಮ್ಮ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ ಬರೆದರು. ಕೆಲವು ತಿಂಗಳಲ್ಲೇ ಆಮಶಂಕೆ ಆಗಿ ನಿಲ್ಲಿಸಿದರು, ಮತ್ತೆ ಆಡಿನ ಹಾಲಿಗೆ ಬಂದರು. ಅದನ್ನೂ ಮುಚ್ಚಿಡದೆ ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಅದಕ್ಕೇ.

ಅಡುಗೆಮನೆಕಿಟಕಿ

ನಾನು ಆಹಾರ ಸಲಹೆಯ ಕೆಲಸ ಮಾಡುವವಳು, ಮಣಿಪಾಲದ ಹತ್ತಿರ. ತಿಮರೆಎಲೆ ಅವರೇ, ನಿಮಗೆ ನೇರವಾಗಿ ಒಂದಷ್ಟು.

ಮೊದಲು, ನೀವು ಮಾಡಿದ ಒಳ್ಳೆಯ ಕೆಲಸ 4 ಕೆಜಿ ಇಳಿಸಿದ್ದು. ನಿಮ್ಮ ಹಾಗೆ ಎಚ್‌ಬಿಎ1ಸಿ 5.7ರಿಂದ 6.4ರ ಒಳಗೆ ಇರುವವರಿಗೆ ತೂಕ ಇಳಿಯುವುದು, ದಿನಾ ನಡೆಯುವುದು, ಇವೆರಡೇ ದೊಡ್ಡ ಮದ್ದು. ಅದು ಹಸಿ ತಿಂದದ್ದರಿಂದಲೇ ಆಯ್ತು ಅಂತ ಅಲ್ಲ. ಬೇಕರಿ ತಿಂಡಿ, ಕರಿದದ್ದು, ಎರಡೆರಡು ಸಲ ಅನ್ನ, ಎಲ್ಲ ಒಟ್ಟಿಗೆ ನಿಂತಿತಲ್ಲ, ಅದರಿಂದ.

ಆದರೆ ರಾತ್ರಿ ಊಟಕ್ಕೆ ಬರೀ ಹಣ್ಣು, ಬೆಳಿಗ್ಗೆಯೂ ಹಣ್ಣು ಅಂದರೆ ಸಕ್ಕರೆ ಎಷ್ಟಾಯ್ತು? ಮೇಯಲ್ಲಿ ಎಷ್ಟು ತೊಳೆ ಹಲಸು ತಿಂದಿರಿ? ನನ್ನ ಹತ್ತಿರ ಬಂದ ಒಬ್ಬರು "ಮೇಡಂ, ಅನ್ನ ಪೂರ್ತಿ ಬಿಟ್ಟಿದ್ದೇನೆ, ಆದರೂ ಶುಗರ್ ಇಳಿಯುವುದಿಲ್ಲ" ಅಂದರು. ಕೇಳಿದರೆ ಸಂಜೆ ಹೊತ್ತು ಹದಿನೈದು ಇಪ್ಪತ್ತು ತೊಳೆ, ಮಲಗುವ ಮೊದಲು ಎರಡು ಕದಳಿ. ಹಣ್ಣು ಕೆಟ್ಟದ್ದಲ್ಲ, ಊಟದ ಬದಲು ಹಣ್ಣೇ ಆದಾಗ ಹೀಗಾಗುತ್ತದೆ. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗಿ ಇನ್ನೂ ಬೇಗ ಏರುತ್ತದೆ.

ಎಚ್‌ಬಿಎ1ಸಿ ಈಗಲೇ ಮಾಡಿಸಬೇಡಿ. ಅದು ಸುಮಾರು ಮೂರು ತಿಂಗಳ ಸರಾಸರಿ. ಆಗಸ್ಟ್‌ನಲ್ಲಿ ಮಾಡಿಸಿ, ಜೊತೆಗೆ ಬಿ12 ವಿಟಮಿನ್, ಹಿಮೋಗ್ಲೋಬಿನ್ ನೋಡಿಸಿ. ಮುಟ್ಟು ಏರುಪೇರಾಗಿದ್ದರೆ ಅದನ್ನು ಹಗುರ ಮಾಡಬೇಡಿ. ಜರ್ಮನಿಯಲ್ಲಿ ದೀರ್ಘಕಾಲ ಹಸಿ ಆಹಾರದಲ್ಲಿದ್ದವರನ್ನು ನೋಡಿ 1999ರಲ್ಲಿ ಬಂದ ಅಧ್ಯಯನದಲ್ಲಿ, 45 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 30ರಷ್ಟು ಮಂದಿಗೆ ಮುಟ್ಟು ತಪ್ಪುತ್ತಿತ್ತು ಅಥವಾ ನಿಂತೇ ಹೋಗಿತ್ತು. ಕಾರಣ ದೇಹಕ್ಕೆ ಶಕ್ತಿ ಸಾಲದ್ದು. ನಿಮ್ಮ ಕೈಕಾಲು ತಣ್ಣಗಾಗುವುದೂ ಅದೇ ಇರಬಹುದು.

ನಡಿಗೆಜೋಡು

ಬಿ12 ಬಗ್ಗೆ ನಾನು ಹೇಳಲೇಬೇಕು. ಎರಡು ವರ್ಷ ಹಾಲು, ಮೊಸರು ಕೂಡ ಇಲ್ಲದೆ ಹಸಿ ತರಕಾರಿ, ಹಣ್ಣು, ಕಾಳು. ಹುಮ್ಮಸ್ಸು ತುಂಬ ಇತ್ತು. ಆಮೇಲೆ ಪಾದದ ಅಡಿ ಜೋಮು ಹಿಡಿದ ಹಾಗೆ. ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದೆ ಬಸ್ ಹತ್ತಿ ಕೂತಿದ್ದೇನೆ, ಕಂಡಕ್ಟರ್ ಹೇಳಿದ ಮೇಲೆ ನೋಡಿದ್ದು. ಪರೀಕ್ಷೆಯಲ್ಲಿ 110 ಬಂತು, 200ರ ಮೇಲೆ ಇರಬೇಕಾದದ್ದು. ಇಂಜೆಕ್ಷನ್ ತೆಗೆದುಕೊಂಡೆ. ಎಡಗಾಲಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಗಿಡದ ಆಹಾರದಲ್ಲಿ ನಂಬುವ ಹಾಗೆ ಬಿ12 ಇಲ್ಲ. ಹಸಿ ಆದರೂ ಇಲ್ಲ, ಬೇಯಿಸಿದರೂ ಇಲ್ಲ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಇನ್ನೂ ಇಳಿಯುತ್ತದೆ. ಮೊಸರು, ಮಜ್ಜಿಗೆ ಬಿಡಬೇಡಿ ಅಕ್ಕ. ಬಿಡುವುದೇ ಆದರೆ ಮಾತ್ರೆ ತೆಗೆದುಕೊಳ್ಳಿ.

ಪಡುಬಿದ್ರಿಪ್ರಸಾದ

ನಾವು ಮೀನು ತಿನ್ನುವವರು, ನಮಗೆ ತೊಂದರೆ ಇಲ್ಲ ಅಲ್ವಾ?

ಅಡುಗೆಮನೆಕಿಟಕಿ

ಬಂಗುಡೆ, ಬೂತಾಯಿ ಎರಡರಲ್ಲೂ ಬಿ12 ಧಾರಾಳ. ಬೇಯಿಸಿ ತಿನ್ನಿ ಮಾತ್ರ.

ಬಾವಿಕಟ್ಟೆ (ಕಾರ್ಕಳ)

ನಾನು ತೋಟದವನು. ಎಲ್ಲರೂ ದೇಹದ ಬಗ್ಗೆ ಹೇಳುತ್ತಿದ್ದೀರಿ, ಯಾವುದನ್ನು ಹಸಿ ತಿನ್ನಬಾರದು ಅಂತ ಯಾರೂ ಹೇಳಿಲ್ಲ. ಪೇಟೆಯವರು ವಿಡಿಯೋ ನೋಡಿ ಏನೇನೋ ಜ್ಯೂಸ್ ಮಾಡುತ್ತಾರೆ, ಹೆದರಿಕೆ ಆಗುತ್ತದೆ.

ಕೆಸು, ಸುವರ್ಣಗೆಡ್ಡೆ ಹಸಿ ತಿಂದರೆ ಬಾಯಿ, ಗಂಟಲು ತುರಿಸಿ ಊದುತ್ತದೆ, ಒಳಗೆ ಸೂಜಿಯಂಥ ಹರಳು ಇರುತ್ತದೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಅಷ್ಟು ಹೊತ್ತು ಬೇಯಿಸುವುದು ಸುಮ್ನೆ ಅಲ್ಲ. ಕಣಿಲೆಯನ್ನು (ಎಳೆ ಬಿದಿರು) ದಿನಾ ನೀರು ಬದಲಿಸಿ ಎರಡು ಮೂರು ದಿನ ಇಟ್ಟು ಆಮೇಲೆ ಬೇಯಿಸುತ್ತಾರೆ. ಅದರಲ್ಲೂ ಮರಗೆಣಸಿನಲ್ಲೂ ಸಯನೈಡ್ ಬಿಡುವ ಅಂಶ ಉಂಟು. ರಾಜ್ಮಾ ಹಸಿಯಾಗಿ ನಾಲ್ಕೈದು ಕಾಳು ಸಾಕು, ವಾಂತಿ ಭೇದಿ. ಸೋರೆಕಾಯಿ ರಸ ಕಹಿ ಇದ್ದರೆ ಒಂದು ಗುಟುಕೂ ಇಳಿಸಬೇಡಿ, ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ ಎಚ್ಚರಿಸಿದೆ, ಜೀವ ಹೋದದ್ದುಂಟು.

ಇನ್ನು ಬಿಂಬುಳಿ. ನಮ್ಮ ಪ್ರತಿ ಮನೆಯ ಹಿತ್ತಲಲ್ಲೂ ಉಂಟು. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಕೇರಳದಲ್ಲಿ ಅದರ ರಸ ಲೋಟಗಟ್ಟಲೆ ಕುಡಿದು ಕೆಲವರ ಕಿಡ್ನಿಯೇ ಕೈಕೊಟ್ಟಿತು, ಡಯಾಲಿಸಿಸ್ ಮಾಡಬೇಕಾಯಿತು. ಡಾಕ್ಟರುಗಳು ಬರೆದಿಟ್ಟಿದ್ದಾರೆ. ಕಿಡ್ನಿಗೆ ಪೆಟ್ಟು ಕೊಡುವ ಆಕ್ಸಲೇಟ್ ಅದರಲ್ಲಿ ಅಷ್ಟು ಇರುತ್ತದೆ. ಉಪ್ಪಿನಕಾಯಿಗೆ, ಸಾರಿಗೆ ಎರಡು ಹಾಕುವುದು ಬೇರೆ, ರಸ ಕುಡಿಯುವುದು ಬೇರೆ. ಧಾರೆಹುಳಿಗೂ ಇದೇ ಮಾತು, ಕಿಡ್ನಿ ತೊಂದರೆ ಇದ್ದವರು ಮುಟ್ಟಲೇಬಾರದು.

ಬೆಳಗಿನಬಿಸಿಲು

ಬಿಂಬುಳಿಯದ್ದು ನನಗೆ ಗೊತ್ತಿರಲಿಲ್ಲ. ಹೇಳಿದ್ದಕ್ಕೆ ಧನ್ಯವಾದ ಬಾವಿಕಟ್ಟೆ ಅಣ್ಣ. ನಾನು ಬೇಸಿಗೆಯಲ್ಲಿ ಅದರ ಜ್ಯೂಸ್ ಮಾಡಿದ್ದೇನೆ, ಇನ್ನು ಮಾಡುವುದಿಲ್ಲ.

ಆದರೂ ಒಂದು ಮಾತು. ನಮ್ಮ ಹಿರಿಯರು ಎಷ್ಟೋ ಹಸಿಯಾಗಿಯೇ ತೆಗೆದುಕೊಳ್ಳುತ್ತಿದ್ದರು. ಆಟಿ (ಆಷಾಢ) ಅಮಾವಾಸ್ಯೆಯ ಪಾಲೆ ಕಷಾಯ ನೋಡಿ, ಪಾಲೆ (ಹಾಲೆ) ಮರದ ತೊಗಟೆಯ ಹಸಿ ರಸ.

ಹಳೇಪೇಪರ್

ಹಸಿ ರಸ ಹೌದು. ಆದರೆ ನಮ್ಮ ಅಜ್ಜಿ ಬಿಳಿ ಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಆ ರಸಕ್ಕೆ ಹಾಕುತ್ತಿದ್ದರು. ಚುಂಯ್ ಅಂತ ಹೊಗೆ ಏಳುತ್ತಿತ್ತು. ಬೆಳ್ಳುಳ್ಳಿ, ಓಮ, ಕಾಳುಮೆಣಸು ಜಜ್ಜಿ ಹಾಕಿ ಕುಡಿಸುತ್ತಿದ್ದರು, ಆಮೇಲೆ ಮೆಂತೆ ಗಂಜಿ. ಬಿಸಿ ತಾಗಿಸದೆ ಬಿಡುತ್ತಿರಲಿಲ್ಲ.

ಕುಡ್ಲದಮಳೆ

ಪಾಲೆ ಅಂತ ವಿಷದ ಕಾಸರಕ ಮರದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಮರ ಗೊತ್ತಿರುವವರೇ ತರಬೇಕು.

ರಥಬೀದಿ

ನಮ್ಮ ಮನೆಯಲ್ಲಿ ಚಾತುರ್ಮಾಸ್ಯ ಪಾಲಿಸುತ್ತಾರೆ. ಮೊದಲ ತಿಂಗಳು ಶಾಕವ್ರತ. ಸೊಪ್ಪು, ತರಕಾರಿ, ಹಣ್ಣು ಬಿಡುವುದು. ಸರಿಯಾಗಿ ಜೋರು ಮಳೆಯ ತಿಂಗಳು ಅದು. ವ್ರತಕ್ಕೆ ಕಾರಣ ಧರ್ಮದ್ದು, ಅದನ್ನು ಆರೋಗ್ಯದ ಮಾತು ಅಂತ ತಿರುಗಿಸುವುದು ನನಗೆ ಇಷ್ಟವಿಲ್ಲ. ಆದರೆ ಈ ತಿಂಗಳಲ್ಲಿ ಹರಿವೆ ಎಲೆ ಮಗುಚಿ ನೋಡಿ, ಅಡಿಯಲ್ಲಿ ಹುಳದ ಮೊಟ್ಟೆ, ಬಸವನಹುಳದ ಲೋಳೆ. ಬಾವಿ ನೀರು ಕೆಂಪಾಗಿರುತ್ತದೆ. ಅದೇ ನೀರಿನಲ್ಲಿ ತೊಳೆದ ಸೊಪ್ಪನ್ನು ಹಸಿ ಅರೆದು ಕುಡಿಯುವುದು ಅಂದರೆ ನನಗೆ ಮೈ ಜುಮ್ ಅನ್ನುತ್ತದೆ.

ಬಾಳೆಎಲೆ

ನಾವು ಕುದಿಸಿ ಆರಿಸಿದ ನೀರಿನಲ್ಲೇ ಕೊನೆಯ ಸಲ ತೊಳೆಯುವುದು. ಎಲೆ ಒಂದೊಂದೇ ಬಿಡಿಸಿ. ಸಿಪ್ಪೆ ತೆಗೆಯಬಹುದಾದ್ದನ್ನು ಸಿಪ್ಪೆ ತೆಗೆದೇ ತಿನ್ನಿ. ಟೈಫಾಯ್ಡ್, ಕಾಮಾಲೆ ಎಲ್ಲ ಕೆಟ್ಟ ನೀರಿನಿಂದಲೂ ಬರುತ್ತದೆ.

ಬೆಳಗಿನಬಿಸಿಲು

ಒಪ್ಪುತ್ತೇನೆ. ಆದರೆ ಎಲ್ಲದಕ್ಕೂ ಹೆದರಿಸಿದರೆ ಜನ ಮತ್ತೆ ಬೇಕರಿಗೇ ಹೋಗುತ್ತಾರೆ. ನನಗೆ ಹಸಿ ಆಹಾರದಿಂದ ಗ್ಯಾಸ್ಟ್ರಿಕ್ ಹೋಗಿದೆ, ಹತ್ತು ವರ್ಷದ ಮಲಬದ್ಧತೆ ಹೋಗಿದೆ. ಅದು ಸುಳ್ಳಲ್ಲ. ಪ್ರಕೃತಿ ಚಿಕಿತ್ಸೆಯಲ್ಲೂ ಹಸಿ ಆಹಾರ ಉಂಟು, ಉಜಿರೆಯಲ್ಲಿ ಅದನ್ನು ಕಲಿಸುವ ಕಾಲೇಜೇ ಉಂಟು.

ಅಡುಗೆಮನೆಕಿಟಕಿ

ಉಂಟು, ಮತ್ತು ಅಲ್ಲಿ ಡಾಕ್ಟರು ನೋಡಿಕೊಂಡು, ಇಷ್ಟು ದಿನ ಅಂತ ಲೆಕ್ಕದಲ್ಲಿ ಕೊಡುವುದು. ನಿಮ್ಮ ಮಲಬದ್ಧತೆ ಹೋದದ್ದು ನಾರಿನಿಂದ, ಅದು ನಿಜವೇ. ನಮ್ಮ ಜನ ನಿಜವಾಗಿ ಹಸಿ ತರಕಾರಿ ತಿನ್ನುವುದು ಕಮ್ಮಿ, ನೀವು ಹೇಳುವುದರಲ್ಲಿ ಅರ್ಥ ಉಂಟು. ಬೇಯಿಸಿದರೆ ಸಿ ವಿಟಮಿನ್ ಹೋಗುತ್ತದೆ, ಅದಕ್ಕೆ ನೆಲ್ಲಿಕಾಯಿ, ಪೇರಳೆ ಹಸಿಯೇ ತಿನ್ನಿ. ಟೊಮೆಟೊ, ಕ್ಯಾರೆಟ್ ಮಾತ್ರ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿದರೆ ಒಳಗಿನ ಸತ್ವ ಹೆಚ್ಚು ಸಿಗುತ್ತದೆ. ಒಂದೊಂದಕ್ಕೆ ಒಂದೊಂದು ರೀತಿ.

ನಡಿಗೆಜೋಡು

ಖರ್ಚಿನ ಮಾತೂ ಬರಲಿ. ನನಗೆ ಒಬ್ಬನಿಗೇ ಹಣ್ಣು, ಬಾದಾಮಿ, ತರಕಾರಿ ಅಂತ ತಿಂಗಳಿಗೆ 6,000 ರೂಪಾಯಿ ದಾಟುತ್ತಿತ್ತು. ನಾಲ್ಕು ಜನರ ಮನೆಗೆ ಆಗುವ ಮಾತಲ್ಲ.

ಬಾವಿಕಟ್ಟೆ (ಕಾರ್ಕಳ)

ಬೆರ್ರಿ, ಕಿವಿ ಹಣ್ಣು ಅಂತ ಹೋದರೆ ಆಗುತ್ತದೆ. ತೊಂಡೆಕಾಯಿ, ಎಳೆ ಬೆಂಡೆ, ಮುಳ್ಳುಸೌತೆ ಮೂರನ್ನೂ ಬಳ್ಳಿಯಿಂದ, ಗಿಡದಿಂದ ಕೊಯ್ದು ಹಾಗೇ ತಿನ್ನುತ್ತೇವೆ ನಾವು. ಎಳೆ ತೊಂಡೆ ಕಚ್ಚಿದರೆ ಕಟಕ್ ಅನ್ನಬೇಕು, ಒಳಗೆ ಕೆಂಪಾಗಿದ್ದರೆ ಹುಳಿ.

ರಥಬೀದಿ

ಅತ್ತೆಯ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ತಿಮರೆಎಲೆ ಅವರೇ, ನಿಮ್ಮ ಹೆಸರೇ ತಿಮರೆ, ಒಂದೆಲಗ. ತಂಬುಳಿ ಕೇಳಿ ಅವರ ಹತ್ತಿರ. ತಿಮರೆ ಎಲೆ ಹಸಿಯಾಗಿ ಕಾಯಿ ಜೊತೆ ಅರೆದು, ಮಜ್ಜಿಗೆ ಹಾಕಿದರೆ ಮುಗಿಯಿತು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿಯುವುದು ಮಾತ್ರ ಒಲೆಯ ಕೆಲಸ. ನಿಮಗೆ ಹಸಿ ಸೊಪ್ಪು ಸಿಕ್ಕಿತು, ಅವರಿಗೆ ನಿಮಗೆ ಮಾಡಿಕೊಡಲಿಕ್ಕೆ ಒಂದು ಅಡುಗೆ ಸಿಕ್ಕಿತು. ಅವರು ಬಟ್ಟಲು ಇಡುವುದು ಗಂಜಿ ತಿನ್ನಿಸಲಿಕ್ಕೆ ಅಲ್ಲ, ಸಾಲಿನಲ್ಲಿ ನಿಮ್ಮ ಜಾಗ ಖಾಲಿ ಇರಬಾರದು ಅಂತ.

ಬಾಳೆಎಲೆ

ಇದನ್ನು ಓದಿ ಕಣ್ಣು ತುಂಬಿತು.

ಪಡುಬಿದ್ರಿಪ್ರಸಾದ

ತಂಬುಳಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಾರಾ?

ರಥಬೀದಿ

ನಮ್ಮಲ್ಲಿ ಇಲ್ಲ. ಹಾಕುವವರೂ ಇದ್ದಾರೆ.

ತಿಮರೆಎಲೆ (ಉಡುಪಿ)

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತೂ ಎರಡೆರಡು ಸಲ ಓದಿದೆ.

ಮೊಳಕೆ ಹಸಿ ತಿನ್ನುವುದು ನಿಲ್ಲಿಸಿದೆ. ಸೊಪ್ಪಿನ ಜ್ಯೂಸ್ ಬಿಟ್ಟೆ. ಮಧ್ಯಾಹ್ನ ಕೋಸಂಬರಿ, ಉಪ್ಪು ಬೇರೆ ಡಬ್ಬಿ, ಕಾಯಿ ಚೂರು, ಒಂದು ಲೋಟ ಮಜ್ಜಿಗೆ. ಆಫೀಸಿನಲ್ಲಿ ಇಬ್ಬರು ಪಾಲು ಕೇಳುತ್ತಾರೆ ಈಗ. ಹಣ್ಣು ದಿನಕ್ಕೆ ಒಂದು ಅಥವಾ ಎರಡು. ಹೊಟ್ಟೆ ಉಬ್ಬರ ಹೋಗಿದೆ. ಬಿ12 ಮಾಡಿಸಿದೆ, 190. ಮಾತ್ರೆ ಶುರು ಮಾಡಿದ್ದೇನೆ. ನಡಿಗೆಜೋಡು ಅಣ್ಣ, ನೀವು ಬರೆಯದಿದ್ದರೆ ನಾನು ನೋಡಿಸುತ್ತಲೇ ಇರಲಿಲ್ಲ.

ಅತ್ತೆಯ ಹತ್ತಿರ ತಂಬುಳಿ ಕೇಳಿದೆ. ಮಳೆ ಸುರಿಯುತ್ತಿತ್ತು, ಆದರೂ ಕೊಡೆ ಹಿಡಿದು ಹಿತ್ತಲಿಗೆ ಹೋದರು. ಸೆರಗಿನಲ್ಲಿ ಎಲೆ ತಂದು, ಬಿಸಿನೀರು ಆರಿಸಿ, ಒಂದೊಂದೇ ತೊಳೆದರು. ಮಿಕ್ಸಿ ಬೇಡ ಅಂತ ಕಲ್ಲಿನಲ್ಲೇ ಅರೆದರು. ರಾತ್ರಿ ಬಟ್ಟಲು ಇಟ್ಟಾಗ ನಾನು ಗಂಜಿಯೂ ಒಂದು ಸೌಟು ಹಾಕಿ ಅಂದೆ. ಎರಡು ಸೌಟು ಹಾಕಿದರು.

ಅಡುಗೆಮನೆಕಿಟಕಿ

ಎರಡು ಸೌಟು ಕುಚ್ಚಲಕ್ಕಿ ಗಂಜಿಯಿಂದ ಏನೂ ಆಗುವುದಿಲ್ಲ. ಊಟ ಆದ ಮೇಲೆ ಹದಿನೈದು ನಿಮಿಷ ಜಗಲಿಯಲ್ಲಿ ನಡೆಯಿರಿ. ಆಗಸ್ಟ್‌ನಲ್ಲಿ ರಿಪೋರ್ಟ್ ಬಂದಾಗ ಇಲ್ಲಿ ಬರೆಯಿರಿ.

ಬೆಳಗಿನಬಿಸಿಲು

ಅಕ್ಕ, ಸಂತೋಷ ಆಯ್ತು. ನಾನೂ ನಾಳೆ ಬಿ12 ಮಾಡಿಸಲಿಕ್ಕೆ ಹೋಗುತ್ತಿದ್ದೇನೆ.

ಮುಳ್ಳುಸೌತೆ

ತಿಮರೆ ಬಳ್ಳಿ ಯಾರ ಹತ್ತಿರವಾದರೂ ಸಿಗಬಹುದಾ? ನಾವು ಫ್ಲ್ಯಾಟಿನಲ್ಲಿ ಇರುವುದು, ಕುಂಡದಲ್ಲಿ ಬರುತ್ತದಾ?

ಬಾವಿಕಟ್ಟೆ (ಕಾರ್ಕಳ)

ಬರುತ್ತದೆ. ಅಗಲದ ಕುಂಡ, ಸ್ವಲ್ಪ ನೆರಳು, ಮಣ್ಣು ಯಾವಾಗಲೂ ತೇವ ಇರಬೇಕು. ನಮ್ಮ ಬಾವಿಯ ಸುತ್ತ ಬೇಕಾದಷ್ಟು ಹಬ್ಬಿದೆ. ಈ ಕಡೆ ಬಂದಾಗ ತಿಳಿಸಿ, ಬೇರು ಸಮೇತ ಕಿತ್ತು ಹಾಳೆಯಲ್ಲಿ ಸುತ್ತಿ ಕೊಡುತ್ತೇನೆ.